ಚಳಿಜ್ವರದ ದಾರಿಯನ್ನು ಕಂಡ ವೈದ್ಯರು: ಸರ್ ರೊನಾಲ್ಡ್ ರಾಸ್‌ರವರ ಚರಿತ್ರೆ

ಕುದಾಪುರದಿಂದ ನಾಯಕನಹಟ್ಟಿಯ ವರೆಗೂ, ಅಲ್ಲಿಂದಾಚೆ ಚಳ್ಳಕೆರೆ ಮೊಳಕಾಲ್ಮೂರುಗಳ ವರೆಗೂ ಹಬ್ಬಿರುವ ನಮ್ಮ ಬಯಲುಸೀಮೆಯಲ್ಲಿ ಮಳೆಯು ಅಲ್ಪ, ನೀರು ವಿರಳ. ಆದರೂ ಚಳಿಜ್ವರವೆಂಬುದು ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ. ಮಳೆ ಬಿದ್ದು ಹಳ್ಳಗುಂಡಿಗಳಲ್ಲಿ ನೀರು ನಿಂತ ಕಾಲದಲ್ಲಿ, ಬೆಳಿಗ್ಗೆ ನೇಗಿಲು ಹಿಡಿದು ಹೊಲಕ್ಕೆ ಹೋದವನು ಮಧ್ಯಾಹ್ನದೊಳಗೆ ಹಲ್ಲು ಕಟಕಟಿಸುತ್ತಾ ಮನೆಗೆ ಬಂದು, ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲದೆ, ಬಳಿಕ ಮೈಯೆಲ್ಲಾ ಕೆಂಡವಾಗಿ, ಕಡೆಗೆ ಬೆವತು ಬಸವಳಿದು ಮಲಗುವನು. ಮರುದಿನ ನೆಟ್ಟಗಿದ್ದು ಅದರ ಮರುದಿನ ಪುನಃ ಅದೇ ಹೊತ್ತಿಗೆ ನಡುಗುವನು. ಹೀಗೆಯೇ ತಿಂಗಳುಗಟ್ಟಲೆ ನಡೆದರೆ ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಬೆಳೆದು, ಮುಖ ಬಿಳಿಚಿಕೊಂಡು, ಮಕ್ಕಳಾದರೆ ಬಹುಬೇಗ ಸತ್ತೇ ಹೋಗುವರು.

ಇದಕ್ಕೆ ಕಾರಣವೇನೆಂದು ಕೇಳಿದರೆ ಒಬ್ಬರು ಗಾಳಿ ಸೋಕಿತೆಂದರು, ಮತ್ತೊಬ್ಬರು ದೃಷ್ಟಿ ತಗಲಿತೆಂದರು, ಇನ್ನೊಬ್ಬರು ಅಮ್ಮನಿಗೆ ಕೋಪ ಬಂತೆಂದರು. ವಾಂತಿಭೇದಿಯು ಹುಟ್ಟಿದ ಊರುಗಳಲ್ಲಿ ಮಾರಿಯನ್ನು ಗಡಿ ದಾಟಿಸುವ ಪದ್ಧತಿಯಿತ್ತು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಈಗಲೂ ಎಷ್ಟು ಜನರು ಸೇರುವರೆಂಬದು ಚಳ್ಳಕೆರೆ ತಾಲೂಕಿನವರಿಗೆ ಹೇಳಬೇಕಾದದ್ದಿಲ್ಲ. ನೆರೆಯವರನ್ನು ಹೀಯಾಳಿಸುವದಕ್ಕಾಗಿ ಇದನ್ನು ಬರೆಯಲಿಲ್ಲ. ಯೂರೋಪಿನ ಮಹಾ ಪಂಡಿತರಾದ ವೈದ್ಯರು ಸಹ ಸುಮಾರು ೧೩೦ ವರುಷಗಳ ಹಿಂದಿನ ತನಕ ಜೌಗು ಭೂಮಿಯಿಂದೇಳುವ ಕೆಟ್ಟ ಗಾಳಿಯೇ ಈ ಜ್ವರಕ್ಕೆ ಮೂಲವೆಂದು ಬೋಧಿಸುತ್ತಿದ್ದರು. ಮಲೇರಿಯ ಎಂಬ ಹೆಸರಿಗೆ ಇಟಲಿ ದೇಶದ ಭಾಷೆಯಲ್ಲಿ ಕೆಟ್ಟ ಗಾಳಿ ಎಂದೇ ಅರ್ಥ. ನಮ್ಮ ಸಭೆಗಳಲ್ಲಿಯೋ ಮತ್ತೊಂದು ವಿಧವಾದ ಪಿಸುಮಾತುಂಟು. ವಿಶ್ವಾಸಿಯ ಮನೆಯಲ್ಲಿ ಜಡ್ಡು ನಿಂತುಕೊಂಡರೆ, ಇವರು ಯಾವ ಗುಪ್ತಪಾಪ ಮಾಡಿದರೋ ಎಂದು ದೇವಾಲಯದ ಬಾಗಿಲಲ್ಲೇ ಮಾತಾಡಿಕೊಳ್ಳುವವರಿದ್ದಾರೆ. ಯೋಬನ ಸ್ನೇಹಿತರು ಇದನ್ನೇ ಮಾಡಿ ದೇವರಿಂದ ಗದರಿಸಲ್ಪಟ್ಟರು. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಸಹ ಇದನ್ನೇ ಕೇಳಿ ಕರ್ತನಿಂದ ಬೇರೆ ಉತ್ತರ ಹೊಂದಿದರು. ಫಿಲಿಪ್ಪಿಯ ಸಭೆಯ ಎಪಫ್ರೊದೀತನು ರೋಗದಿಂದ ಸಾಯುವ ಹಾಗಿದ್ದದ್ದು ಪಾಪದ ನಿಮಿತ್ತವಲ್ಲ, ಸೇವೆಯ ನಿಮಿತ್ತವಷ್ಟೆ.

ಹಾಗಾದರೆ ಆ ಜ್ವರವು ಎಲ್ಲಿಂದ ಬಂದು ಯಾವ ದಾರಿಯಾಗಿ ಮನುಷ್ಯನೊಳಗೆ ಹೊಗುತ್ತದೆ? ಇದನ್ನು ಕಂಡುಹಿಡಿದವರು ನಮ್ಮ ಬೆಂಗಳೂರಿನಲ್ಲಿ ಬಾಳಿ ಕೆಲಸಮಾಡಿದ ಒಬ್ಬ ವೈದ್ಯರು. ಅವರ ಹೆಸರು ರೊನಾಲ್ಡ್ ರಾಸ್. ಅವರು ಮಿಶನರಿಯಾಗಿರಲಿಲ್ಲ, ಬೋಧಕರೂ ಆಗಿರಲಿಲ್ಲ. ಸ್ವಭಾವದಲ್ಲಿ ಸಾಧುಗಳೆಂದೂ ಹೇಳುವದಕ್ಕಾಗದು. ಅದನ್ನು ಮುಂದೆ ಮರೆಮಾಚದೆ ಬರೆಯುವೆವು.

ರಾಸ್‌ರವರು ೧೮೫೭ನೆಯ ಇಸವಿ ಮೇ ೧೩ರಲ್ಲಿ ಹಿಮಾಲಯದ ಮಡಿಲಲ್ಲಿರುವ ಆಲ್ಮೋರದಲ್ಲಿ ಹುಟ್ಟಿದರು. ತಂದೆಯು ಭಾರತದ ಸೈನ್ಯದಲ್ಲಿ ಅಧಿಕಾರಿ, ಮುಂದೆ ಜನರಲ್ ಪದವಿಗೇರಿದವರು. ಮನೆಯಲ್ಲಿ ಹತ್ತು ಮಕ್ಕಳು, ಇವರೇ ಚೊಚ್ಚಲು. ಎಂಟು ವರುಷದವರಾದಾಗ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಬಂಧುಗಳ ಬಳಿಗೆ ಕಳುಹಿಸಲ್ಪಟ್ಟರು. ಹುಡುಗನಿಗೆ ಚಿತ್ರ ಬರೆಯುವದು, ಪದ್ಯ ಕಟ್ಟುವದು, ಸಂಗೀತ, ಗಣಿತ ಇವುಗಳಲ್ಲಿ ಮನಸ್ಸು. ವೈದ್ಯವಿದ್ಯೆಯಲ್ಲಿ ಎಳ್ಳಷ್ಟೂ ಇಲ್ಲ. ತಂದೆಯ ಬಲವಂತಕ್ಕಾಗಿ ೧೮೭೪ರಲ್ಲಿ ಲಂಡನ್ನಿನ ಸಂತ ಬಾರ್ತೊಲೊಮಾಯನ ಆಸ್ಪತ್ರೆಯ ಪಾಠಶಾಲೆಗೆ ಸೇರಿ, ಓದುವದನ್ನು ಬಿಟ್ಟು ಮಿಕ್ಕದ್ದನ್ನೆಲ್ಲಾ ಮಾಡಿದರು. ಒಂದು ಪರೀಕ್ಷೆಯಲ್ಲಿ ತಪ್ಪಿದರು. ತಂದೆಯ ಹಣದಿಂದ ಬದುಕಲಾರೆನೆಂದು ಹಡಗಿನ ವೈದ್ಯರಾಗಿ ಕೆಲವು ಕಾಲ ಸಮುದ್ರದ ಮೇಲೆ ತಿರುಗಾಡಿ, ಕೊನೆಗೆ ೧೮೮೧ರಲ್ಲಿ ಭಾರತದ ಸರಕಾರಿ ವೈದ್ಯಶಾಖೆಗೆ ಸೇರಿ ಮದ್ರಾಸಿಗೆ ಬಂದರು. ಇಷ್ಟು ಅಸಡ್ಡೆಯಿಂದ ಆರಂಭಿಸಿದವರಲ್ಲಿ ಮುಂದೆ ಅಷ್ಟು ಹಟವು ಹೇಗೆ ಹುಟ್ಟಿತೋ ದೇವರೇ ಬಲ್ಲನು.

೧೮೮೩ರಲ್ಲಿ ಅವರಿಗೆ ಬೆಂಗಳೂರು ದಂಡಿನಲ್ಲಿ ವೈದ್ಯಾಧಿಕಾರಿಯ ಕೆಲಸವು ದೊರೆಯಿತು. ವಾಸಕ್ಕೆ ಒಂದು ಬಂಗಲೆ ಸಿಕ್ಕಿತು. ಊರು ತಂಪು, ಮನೆ ಚೆನ್ನ, ಆದರೆ ಕೋಣೆಯೊಳಗೆ ಸೊಳ್ಳೆಗಳ ಕಾಟ ಹೇಳತೀರದು. ಬೇರೆಯವರ ಮನೆಗಳಿಗಿಂತ ತನ್ನ ಕೋಣೆಯಲ್ಲೇ ಏಕೆ ಇಷ್ಟು ಸೊಳ್ಳೆಗಳೆಂದು ಅವರು ಹುಡುಕುತ್ತಾ ಹೋಗಿ, ಕಿಟಕಿಯ ಹೊರಗೆ ನೀರು ತುಂಬಿಟ್ಟಿದ್ದ ಒಂದು ತೊಟ್ಟಿಯನ್ನು ಬೊಗ್ಗಿ ನೋಡಿದರು. ಅದರೊಳಗೆ ಸಣ್ಣ ಹುಳುಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು. ಕೆಲವು ದಿನಗಳೊಳಗೆ ಸೊಳ್ಳೆಗಳು ಬಹಳ ಮಟ್ಟಿಗೆ ಕಡಿಮೆಯಾದವು. ಇದನ್ನು ಕಂಡು ಸಂತೋಷಪಟ್ಟು, ಅಧಿಕಾರಿಗಳ ಭೋಜನಶಾಲೆಯ ಬಳಿಯ ಪಾತ್ರೆಗಳನ್ನೂ ಹೀಗೆಯೇ ಬರಿದುಮಾಡಿಸಬೇಕೆಂದು ಮೇಲಿನವರೊಬ್ಬರನ್ನು ಕೇಳಿಕೊಂಡಾಗ, ಸೊಳ್ಳೆಗಳು ಸೃಷ್ಟಿಯ ಕ್ರಮದಲ್ಲಿ ಸೇರಿದವು, ಅದನ್ನು ಕದಲಿಸುವದು ಯುಕ್ತವಲ್ಲವೆಂಬ ಅರ್ಥದ ಉತ್ತರ ಬಂತು.

ಆ ಕಾಲದಲ್ಲಿ ರಾಸ್‌ರವರಿಗೂ ಆ ಹುಳುಗಳಿಗೂ ಜ್ವರಕ್ಕೂ ಸಂಬಂಧವುಂಟೆಂಬ ಯೋಚನೆಯೇ ಇರಲಿಲ್ಲ; ಕಚ್ಚುವ ಕಾಟ ತಪ್ಪಿದರೆ ಸಾಕಾಗಿತ್ತು. ಆದರೂ ಆ ತೊಟ್ಟಿಯ ಸಂಗತಿಯನ್ನು ನಾವು ದಾಟಿಹೋಗಲಾರೆವು. ನಮ್ಮ ಊರುಗಳಲ್ಲಿ ನೀರು ದಿನಾಲೂ ಬಾರದ್ದರಿಂದ ಬಂದ ದಿನ ಹಂಡೆ, ಬಾನಿ, ಗುಡಾಣ, ಸಿಮೆಂಟಿನ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮು ಎಲ್ಲವನ್ನೂ ತುಂಬಿಡುವೆವು. ನೀರಿನ ಬೆಲೆ ಬಲ್ಲ ತಾಯಿಗೆ ಅದನ್ನು ಚೆಲ್ಲೆಂದು ಹೇಳುವದು ಸುಲಭವಲ್ಲ. ಆದರೆ ಸೊಳ್ಳೆಯು ನೀರಿನಲ್ಲಿ ಮೊಟ್ಟೆಯಿಟ್ಟು ಅದು ಹುಳುವಾಗಿ ರೆಕ್ಕೆ ಬಂದು ಹಾರುವದಕ್ಕೆ ಏಳರಿಂದ ಹತ್ತು ದಿನಗಳು ಬೇಕು. ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿ, ಅಂಚನ್ನೂ ತಳವನ್ನೂ ತಿಕ್ಕಿ ಒಣಗಿಸಿ ತುಂಬಿದರೆ ಒಂದೂ ಹಾರದು. ಹಳೆಯ ನೀರನ್ನು ಬಟ್ಟೆಯಲ್ಲಿ ಶೋಧಿಸಿ ಗಿಡಕ್ಕೋ ದನಕ್ಕೋ ಕೊಡಬಹುದು. ಬರಿದುಮಾಡಲಾಗದ ತೊಟ್ಟಿಗೆ ಬಿಗಿಯಾದ ಮುಚ್ಚಳ, ಬಾವಿಗೆ ಹುಳು ತಿನ್ನುವ ಗಪ್ಪಿ ಮೀನು. ೨೦೦೬ರಲ್ಲಿ ಚಿಕೂನ್‌ಗುನ್ಯ ಜ್ವರವು ಕರ್ನಾಟಕವನ್ನೆಲ್ಲಾ ಸುತ್ತಿ, ಗಟ್ಟಿಮುಟ್ಟಾದ ಆಳುಗಳು ಕೀಲು ಹಿಡಿದು ಕೋಲೂರಿ ನಡೆದದ್ದನ್ನು ಮರೆತವರಿಲ್ಲ. ಅದನ್ನೂ ಡೆಂಗೀ ಜ್ವರವನ್ನೂ ಹರಡುವ ಸೊಳ್ಳೆಯು ಹಗಲಲ್ಲಿ ಕಚ್ಚುವದು. ಅದರ ತೊಟ್ಟಿಲು ಕೊಳಚೆಯಲ್ಲ, ನಮ್ಮ ಮನೆಯ ತಿಳಿನೀರಿನ ಪಾತ್ರೆಯೇ. ಚಳಿಜ್ವರದ ಸೊಳ್ಳೆಯು ಬೇರೆ ಜಾತಿಯದು. ಅದು ರಾತ್ರಿ ಕಚ್ಚುವದು, ಗೋಡೆಯ ಮೇಲೆ ಕೂತಾಗ ಬಾಲವನ್ನು ಮೇಲೆತ್ತಿ ಮೊಳೆ ಹೊಡೆದ ಹಾಗೆ ಓರೆಯಾಗಿ ನಿಲ್ಲುವದು. ಅದರ ಹುಳುಗಳು ತಲೆಕೆಳಗಾಗಿ ತೂಗದೆ ನೀರಿನ ಮೇಲೆ ಒರಗಿ ಮಲಗಿರುವವು.

ಪುನಃ ಚರಿತ್ರೆಗೆ ಬರೋಣ. ರಾಸ್‌ರವರು ಬ್ರಹ್ಮದೇಶದ ಯುದ್ಧಕ್ಕೂ ಅಂಡಮಾನಿಗೂ ಹೋಗಿಬಂದು, ೧೮೮೮ರಲ್ಲಿ ರಜ ತೆಗೆದುಕೊಂಡು ಇಂಗ್ಲೆಂಡಿಗೆ ಹೋಗಿ ಜನಾರೋಗ್ಯದ ವಿಷಯದಲ್ಲಿ ಪರೀಕ್ಷೆ ಮಾಡಿ, ರೋಸಾ ಬ್ಲಾಕ್ಸಮ್ ಎಂಬವರನ್ನು ಮದುವೆಯಾಗಿ ತಿರಿಗಿ ಬಂದರು. ೧೮೯೨ರಿಂದ ಮಲೇರಿಯದ ಅಭ್ಯಾಸಕ್ಕೆ ಕೈಹಾಕಿದರು. ಇದಕ್ಕೆ ೧೨ ವರುಷ ಮುಂಚೆ, ೧೮೮೦ರಲ್ಲಿ, ಆಲ್ಜೀರಿಯ ದೇಶದಲ್ಲಿದ್ದ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ಜ್ವರದವರ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿಗಳನ್ನು ಸೂಕ್ಷ್ಮದರ್ಶಕ ಯಂತ್ರದ ಮೂಲಕ ಕಂಡಿದ್ದರು. ರಾಸ್‌ರವರು ಎಷ್ಟು ನೋಡಿದರೂ ಅವು ಕಾಣಲಿಲ್ಲ. ಕಾಣದ್ದರಿಂದ, ಇಲ್ಲವೇ ಇಲ್ಲವೆಂದು ನಿಶ್ಚಯಿಸಿಕೊಂಡರು. ಹೊಟ್ಟೆಯ ಕೆಡಕಿನಿಂದಲೇ ಇಂಥ ಜ್ವರಗಳು ಹುಟ್ಟುವವೆಂದು ಲೇಖನಗಳನ್ನು ಸಹ ಅಚ್ಚುಹಾಕಿಸಿದರು.

೧೮೯೪ರಲ್ಲಿ ಪುನಃ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರ ಪರಿಚಯವಾಯಿತು. ಇವರು ಚೀನಾ ದೇಶದಲ್ಲಿ ಬಹುಕಾಲವಿದ್ದು, ಆನೆಕಾಲು ರೋಗದ ಹುಳುವು ಸೊಳ್ಳೆಯೊಳಗೆ ಬೆಳೆಯುತ್ತದೆಂದು ಮೊದಲು ತೋರಿಸಿದವರು. ಮ್ಯಾನ್ಸನರು ಒಬ್ಬ ರೋಗಿಯ ರಕ್ತದ ಹನಿಯನ್ನು ಯಂತ್ರದಲ್ಲಿಟ್ಟು ನೋಡೆಂದರು. ರಾಸ್‌ರವರು ನೋಡಿದರು. ಲಾವೆರಾನರು ಹೇಳಿದ್ದೆಲ್ಲಾ ಅಲ್ಲಿತ್ತು. ತಾನು ಅಚ್ಚುಹಾಕಿಸಿದ್ದು ತಪ್ಪೆಂದು ಒಪ್ಪಿಕೊಂಡು ಶಿಷ್ಯನಂತೆ ಕಲಿಯಲಾರಂಭಿಸಿದರು. ರೋಗಿಯ ಮುಂದೆ ತಾನು ತಪ್ಪಿದೆನೆನ್ನುವದು ವೈದ್ಯರಿಗೆ ಎಷ್ಟು ಕಷ್ಟವೋ, ಓದುಬಲ್ಲ ಲೋಕದ ಮುಂದೆ ಹಾಗೆನ್ನುವದು ಅದಕ್ಕಿಂತ ಕಷ್ಟ. ರಾಸ್‌ರವರಂಥ ಅಭಿಮಾನಿಗೆ ಇನ್ನೂ ಕಷ್ಟ. ನಮಗೆ ತೋರುವ ಮಟ್ಟಿಗೆ ಅವರ ದೊಡ್ಡ ಕೆಲಸದ ಅಸ್ತಿವಾರವು ಆ ದಿನವೇ ಬಿತ್ತು. ಬಳಿಕ ಒಂದು ದಿನ ಲಂಡನ್ನಿನ ಬೀದಿಯಲ್ಲಿ ಜೊತೆಯಾಗಿ ನಡೆಯುತ್ತಿರುವಾಗ ಮ್ಯಾನ್ಸನರು, ಜ್ವರದ ಜೀವಿಯನ್ನು ಹೊತ್ತುಕೊಂಡು ಹೋಗುವದು ಸೊಳ್ಳೆಯೇ ಇರಬೇಕೆಂಬ ತನ್ನ ಊಹೆಯನ್ನು ತಿಳಿಸಿದರು. ಅದನ್ನು ಸ್ಥಾಪಿಸಿ ತೋರಿಸುವ ಸಂಕಲ್ಪದಿಂದ ರಾಸ್‌ರವರು ೧೮೯೫ರಲ್ಲಿ ಸಿಕಂದರಾಬಾದಿಗೆ ಬಂದರು.

ಮ್ಯಾನ್ಸನರ ಊಹೆಯಲ್ಲಿಯೂ ಅರ್ಧ ತಪ್ಪಿತ್ತು. ಸೊಳ್ಳೆಯು ನೀರಿನಲ್ಲಿ ಬಿದ್ದು ಸಾಯುವದೆಂದೂ ಆ ನೀರನ್ನು ಕುಡಿದವರಿಗೆ ಜ್ವರ ಬರುವದೆಂದೂ ಅವರು ನಂಬಿದ್ದರು. ಇದನ್ನು ಪರೀಕ್ಷಿಸುವದಕ್ಕಾಗಿ ರಾಸ್‌ರವರು ರೋಗಿಯನ್ನು ಕಚ್ಚಿದ ಸೊಳ್ಳೆಗಳು ಸತ್ತ ನೀರನ್ನು ಕೆಲವರಿಗೆ ಕುಡಿಸಿದರು. ಒಬ್ಬನಿಗೆ ಅಲ್ಪ ಜ್ವರ ಬಂದು ಹೋಯಿತು, ಮಿಕ್ಕವರಿಗೆ ಏನೂ ಆಗಲಿಲ್ಲ. ಬಡವರ ದೇಹವನ್ನು ಹೀಗೆ ಪರೀಕ್ಷೆಗೆ ಒಡ್ಡುವದನ್ನು ಈಗಿನ ವೈದ್ಯಧರ್ಮವು ಒಪ್ಪುವದಿಲ್ಲ, ಒಪ್ಪಲೂ ಬಾರದು. ಅಂದಿನವರು ಅದನ್ನು ಸಾಧಾರಣವೆಂದೆಣಿಸಿದರು.

ಆ ಕೆಲಸವು ಆರಂಭವಾಗುತ್ತಿರುವಾಗಲೇ, ೧೮೯೫ರ ಸೆಪ್ಟೆಂಬರ್ ತಿಂಗಳಲ್ಲಿ, ಬೆಂಗಳೂರಿನಲ್ಲಿ ವಾಂತಿಭೇದಿಯ ಜಾಡ್ಯವು ಎದ್ದಿತೆಂದು ಸರಕಾರವು ಅವರನ್ನು ಅಲ್ಲಿಗೆ ಕಳುಹಿಸಿತು. ತನ್ನ ಸೊಳ್ಳೆಗಳನ್ನು ಬಿಟ್ಟುಹೋಗಲು ಅವರಿಗೆ ಮನಸ್ಸಿರಲಿಲ್ಲ. ಆದರೂ ಹೋಗಿ ಮನಃಪೂರ್ವಕವಾಗಿ ದುಡಿದರು. ವಾಂತಿಭೇದಿಯ ಬೀಜವು ಮಲದಿಂದ ನೀರಿಗೂ ನೀರಿನಿಂದ ಬಾಯಿಗೂ ಹೋಗುವದೆಂಬದು ಅಷ್ಟರೊಳಗೆ ತಿಳಿದಿತ್ತು; ಜರ್ಮನಿಯ ಕಾಖ್ ಎಂಬ ಪಂಡಿತರು ೧೮೮೪ರಲ್ಲಿ ಕಲಕತ್ತೆಯಲ್ಲಿಯೇ ಅದನ್ನು ದೃಢಪಡಿಸಿದ್ದರು. ರಾಸ್‌ರವರು ದಂಡಿನ ಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ ತಿರುಗಿ, ಬಾವಿಗಳನ್ನೂ ಮೋರಿಗಳನ್ನೂ ತಿಪ್ಪೆಗಳನ್ನೂ ನೋಡಿ, ಔಷಧವನ್ನು ಕೊಡುವದಕ್ಕಿಂತ ಕಸವನ್ನು ತೆಗೆಸುವದೇ ಇಲ್ಲಿ ವೈದ್ಯನ ಮೊದಲ ಕೆಲಸವೆಂದು ಕಂಡುಕೊಂಡರು. ಊರಿನ ಶುಚಿತ್ವದ ವಿಷಯದಲ್ಲಿ ದೀರ್ಘವಾದ ವರದಿಯನ್ನು ೧೮೯೬ರಲ್ಲಿ ಬರೆದರು. ಇಸ್ರಾಯೇಲ್ಯರ ಪಾಳೆಯದ ಹೊರಗೆ ಗುದ್ದಲಿಯಿಂದ ತೋಡಿ ಮುಚ್ಚಬೇಕೆಂಬ ಕಟ್ಟಳೆಯನ್ನು ಧರ್ಮೋಪದೇಶಕಾಂಡದಲ್ಲಿ ಓದಿ ನಗುವ ಹುಡುಗರಿದ್ದಾರೆ. ಅದನ್ನು ಮೀರಿದ ಪಟ್ಟಣವು ಪಡುವ ಪಾಡನ್ನು ಅವರು ಆ ವರುಷ ಬೆಂಗಳೂರಿನಲ್ಲಿ ಕಾಣಬಹುದಾಗಿತ್ತು.

ಹಗಲು ಮೋರಿಗಳ ಕೆಲಸ, ಬಿಡುವಾದಾಗ ಸೊಳ್ಳೆಗಳ ಕೆಲಸ. ಅಲ್ಲಿನ ಆಸ್ಪತ್ರೆಯ ಒಬ್ಬ ಭಾರತೀಯ ಸಹಾಯಕ ವೈದ್ಯರು ತಾವಾಗಿಯೇ ಮುಂದೆ ಬಂದು, ರೋಗಿಯನ್ನು ಕಚ್ಚಿದ ಸೊಳ್ಳೆಗಳಿಗೆ ತಮ್ಮ ಮೈಯೊಡ್ಡಿದರು. ಆದರೆ ಅವರಿಗೆ ಜ್ವರ ಬರಲಿಲ್ಲ. ಯಾಕಂದರೆ ರಾಸ್‌ರವರು ಆ ವರೆಗೆ ಹಿಡಿದದ್ದೆಲ್ಲಾ ಬೇರೆ ಜಾತಿಯ ಸೊಳ್ಳೆಗಳು. ಜ್ವರದ ಬೀಜವು ಅವುಗಳೊಳಗೆ ಬೆಳೆಯದು. ಇದು ಗೊತ್ತಿಲ್ಲದೆ ಅವರು ಎರಡು ವರುಷ ನೂರಾರು ಸೊಳ್ಳೆಗಳನ್ನು ಒಂದೊಂದಾಗಿ ಸೂಜಿಯ ಮೊನೆಯಿಂದ ಸೀಳಿ ನೋಡಿ ಏನೂ ಕಾಣದೆ ಹೋದರು. ನಡೆದದ್ದನ್ನೆಲ್ಲಾ ಮ್ಯಾನ್ಸನರಿಗೆ ಬರೆಯುತ್ತಿದ್ದರು. ಕೆಲವೇ ವರುಷಗಳಲ್ಲಿ ಬರೆದ ಪತ್ರಗಳು ನೂರಕ್ಕೂ ಮೇಲ್ಪಟ್ಟವು. ಮ್ಯಾನ್ಸನರೋ ಪ್ರತಿಸಾರಿಯೂ ಧೈರ್ಯ ಹೇಳಿ, ಕೈಬಿಡಬೇಡವೆಂದು ಉತ್ತರ ಕೊಡುತ್ತಿದ್ದರು.

೧೮೯೭ರ ವಸಂತದಲ್ಲಿ ರಜ ದೊರೆತಾಗ ಊಟಿಗೆ ಹೋಗಿ, ಅಲ್ಲಿಯೂ ಸುಮ್ಮನಿರದೆ ಜ್ವರಕ್ಕೆ ಹೆಸರಾದ ಸೀಗೂರು ಘಟ್ಟದ ಕಾಡಿಗಿಳಿದರು. ಸೊಳ್ಳೆಪರದೆಯೊಳಗೆ ಮಲಗಿದರೂ ಅವರಿಗೇ ಚಳಿಜ್ವರ ಹಿಡಿಯಿತು. ತಾನು ಇಷ್ಟು ದಿನ ಇತರರಲ್ಲಿ ನೋಡಿದ ನಡುಕವನ್ನು ತನ್ನ ಎಲುಬಿನಲ್ಲೇ ಅನುಭವಿಸಿ, ಕ್ವಿನೈನ್ ಸೇವಿಸಿ ಎದ್ದು, ಜೂನ್ ತಿಂಗಳಲ್ಲಿ ಸಿಕಂದರಾಬಾದಿನ ಬೇಗಂಪೇಟೆಯ ಆಸ್ಪತ್ರೆಗೆ ಹಿಂದಿರುಗಿದರು.

ಆ ವರುಷದ ಸೆಕೆಯು ಭಯಂಕರವಾಗಿತ್ತು. ಪಂಕ ಎಳೆಸಿದರೆ ಸೀಳಿಟ್ಟ ಸೊಳ್ಳೆಯು ಹಾರಿಹೋಗುವದೆಂದು ಪಂಕವನ್ನೂ ನಿಲ್ಲಿಸಿದರು. ಹಣೆಯ ಬೆವರು ತೊಟ್ಟಿಕ್ಕಿ ಸೂಕ್ಷ್ಮದರ್ಶಕ ಯಂತ್ರದ ತಿರುಪುಗಳು ತುಕ್ಕು ಹಿಡಿದವು. ಕಣ್ಣಿಟ್ಟು ನೋಡುವ ಗಾಜು ಸಹ ಬಿರುಕುಬಿಟ್ಟಿತು. ಆಗಸ್ಟ್ ತಿಂಗಳ ನಡುವೆ ಅವರ ಆಳುಗಳು ತಂದ ಹುಳುಗಳಿಂದ, ಅವರು ಹಿಂದೆ ಪರೀಕ್ಷೆ ಮಾಡಿರದ ಒಂದು ಬಗೆಯ ಕಂದುಬಣ್ಣದ, ರೆಕ್ಕೆಯಲ್ಲಿ ಚುಕ್ಕೆಗಳುಳ್ಳ ಸೊಳ್ಳೆಗಳು ಹೊರಟವು. ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಎಂಬ ರೋಗಿಯಿದ್ದರು. ಇವರ ರಕ್ತದಲ್ಲಿ ಜ್ವರದ ಬೀಜಗಳು ತುಂಬಿದ್ದವು. ಕಚ್ಚುವ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಕೊಡುವದೆಂದು ಒಪ್ಪಂದವಾಗಿ, ಆಗಸ್ಟ್ ೧೬ರಂದು ಅವರು ಪರದೆಯೊಳಗೆ ಮಲಗಿ ತಮ್ಮ ಮೈಯನ್ನು ಒಡ್ಡಿದರು. ಹತ್ತು ಸೊಳ್ಳೆಗಳು ಕಚ್ಚಿದವು, ಹತ್ತು ಆಣೆ ಸಂದಿತು. ಹತ್ತು ಆಣೆ! ಲೋಕವು ಅಷ್ಟು ಅಗ್ಗವಾಗಿ ಇಂಥಾ ದೊಡ್ಡ ಅರಿವನ್ನು ಕೊಂಡದ್ದು ಬಹಳ ಸಾರಿ ಇರಲಾರದು.

ಆ ಸೊಳ್ಳೆಗಳನ್ನು ದಿನಕ್ಕೆ ಕೆಲವಂತೆ ಸೀಳುತ್ತಾ ಬಂದರು. ಕೆಲವು ಕೆಟ್ಟವು, ಕೆಲವು ಸತ್ತವು. ಆಗಸ್ಟ್ ೨೦ರಂದು ಉಳಿದವುಗಳು ಬಹು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಕಣ್ಣುಗಳು ದಣಿದು, ಇದನ್ನೂ ನೋಡಿ ಬಿಡಬೇಕೋ ಬೇಡವೋ ಎಂಬ ಬೇಸರದಿಂದಲೇ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯನ್ನು ಅಂಗುಲಾಂಗುಲವಾಗಿ ನೋಡುತ್ತಿರಲಾಗಿ, ಅಲ್ಲಿರಬಾರದ ಒಂದು ದುಂಡಾದ ಕಣವು ಕಾಣಿಸಿತು; ಅದರ ಪಕ್ಕದಲ್ಲಿ ಮತ್ತೊಂದು. ಒಳಗೆ ಕಪ್ಪು ಕಾಳುಗಳು. ಜ್ವರದವರ ರಕ್ತದಲ್ಲಿರುವ ಜೀವಿಯೊಳಗೆ ಕಾಣುವ ಕಾಳುಗಳೂ ಅಂಥವೇ. ಮರುದಿನ ಕೊನೆಯ ಸೊಳ್ಳೆಯನ್ನು ಸೀಳಿದಾಗ ಕಣಗಳು ಹಿಂದಿನ ದಿನಕ್ಕಿಂತ ದೊಡ್ಡವಾಗಿದ್ದವು. ಅಂದರೆ ಅವು ಸೊಳ್ಳೆಯೊಳಗೆ ಬೆಳೆಯುತ್ತಿದ್ದವು. ಮನೆಗೆ ಹೋಗಿ ರಾಸ್‌ರವರು ದೇವರಿಗೆ ಸ್ತೋತ್ರಮಾಡಿ ಕೆಲವು ಪದ್ಯಗಳನ್ನು ಬರೆದರು. ಸಭೆಗೆ ಹೆಚ್ಚಾಗಿ ಹೋಗುವವರೆಂದು ಅವರಿಗೆ ಹೆಸರಿರಲಿಲ್ಲ. ಆದರೆ ಆ ದಿನ ಮಹಿಮೆಯನ್ನು ಯಾರಿಗೆ ಸಲ್ಲಿಸಬೇಕೆಂದು ತಿಳಿದಿದ್ದರು. ಆಗಸ್ಟ್ ೨೦ನ್ನು ಈಗಲೂ ಲೋಕದಲ್ಲೆಲ್ಲಾ ಸೊಳ್ಳೆಯ ದಿನವೆಂದು ನೆನಸುತ್ತಾರೆ.

ಇಷ್ಟರಲ್ಲಿ ಕೆಲಸ ಮುಗಿಯಲಿಲ್ಲ. ಹೊಟ್ಟೆಯ ಗೋಡೆಯಲ್ಲಿ ಬೆಳೆದದ್ದು ಮನುಷ್ಯನನ್ನು ಹೇಗೆ ಮುಟ್ಟುವದೆಂದು ತಿಳಿಯಬೇಕಾಗಿತ್ತು. ಅದೇ ಸಮಯಕ್ಕೆ ಸರಕಾರವು ಅವರನ್ನು ರಾಜಪುತಾನದ ಖೇರವಾಡಕ್ಕೆ, ಅಂದರೆ ಮಲೇರಿಯವೇ ಅಪರೂಪವಾದ ಸ್ಥಳಕ್ಕೆ, ವರ್ಗಮಾಡಿತು. ಅಧಿಕಾರದವರ ಇಂಥಾ ಬುದ್ಧಿವಂತಿಕೆಯು ಆ ಕಾಲದೊಂದಿಗೇ ಅಳಿಯಿತೆಂದು ಹೇಳುವ ಧೈರ್ಯ ನಮಗಿಲ್ಲ. ಮ್ಯಾನ್ಸನರು ಲಂಡನ್ನಿನಲ್ಲಿ ಓಡಾಡಿ ಪ್ರಯತ್ನಿಸಿದ್ದರಿಂದ ೧೮೯೮ರ ಫೆಬ್ರವರಿಯಲ್ಲಿ ರಾಸ್‌ರವರಿಗೆ ಕಲಕತ್ತೆಯಲ್ಲಿ ಒಂದು ಚಿಕ್ಕ ಪ್ರಯೋಗಶಾಲೆಯು ದೊರೆಯಿತು. ಆದರೆ ಆ ವರುಷ ಊರೆಲ್ಲಾ ಪ್ಲೇಗಿನ ಚುಚ್ಚುಮದ್ದಿನ ಭಯ. ಬೆರಳಿಗೆ ಸೂಜಿ ಚುಚ್ಚುವದನ್ನು ಕಂಡರೆ ಜನರು ಓಡಿಹೋಗುವರು. ಆದಕಾರಣ ಮನುಷ್ಯರನ್ನು ಬಿಟ್ಟು ಗುಬ್ಬಿಗಳನ್ನೂ ಬಾನಾಡಿಗಳನ್ನೂ ಹಿಡಿದು, ಪಕ್ಷಿಗಳಿಗೆ ಬರುವ ಮಲೇರಿಯವನ್ನು ಅಭ್ಯಾಸ ಮಾಡಿದರು. ಮಹಮ್ಮದ್ ಬಕ್ಷ್ ಎಂಬ ಸೇವಕರು ಪಂಜರಗಳನ್ನೂ ಸೊಳ್ಳೆಗಳ ಸೀಸೆಗಳನ್ನೂ ಹಗಲಿರುಳು ಕಾದು, ಹುಳುಗಳನ್ನು ಸಾಕಿ, ರಾಸ್‌ರವರಿಗೆ ಬಲಗೈಯಾದರು. ಜುಲೈ ತಿಂಗಳಲ್ಲಿ ರಹಸ್ಯವು ಬಿಚ್ಚಿಕೊಂಡಿತು. ಹೇಗಂದರೆ, ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಣಗಳು ಬಲಿತು ಒಡೆದು, ಅವುಗಳಿಂದ ಹೊರಟ ಅಸಂಖ್ಯಾತ ನೂಲಿನಂಥ ಬೀಜಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಹೋಗಿ ಸೇರುವವು. ಸೊಳ್ಳೆಯು ಕಚ್ಚುವಾಗ ಜೊಲ್ಲಿನೊಂದಿಗೆ ಅವು ರಕ್ತಕ್ಕಿಳಿಯುವವು. ಅಂಥಾ ಸೊಳ್ಳೆಗಳಿಂದ ಕಚ್ಚಿಸಿಕೊಂಡ ಆರೋಗ್ಯವಾದ ಗುಬ್ಬಿಗಳು ರೋಗಕ್ಕೆ ಬಿದ್ದವು. ಕೆಟ್ಟ ಗಾಳಿಯಲ್ಲ, ಕುಡಿಯುವ ನೀರೂ ಅಲ್ಲ. ಸೊಳ್ಳೆಯ ಕೊಂಡಿಯೇ ದಾರಿ.

ಮ್ಯಾನ್ಸನರು ಈ ಸುದ್ದಿಯನ್ನು ಅದೇ ತಿಂಗಳಲ್ಲಿ ಎಡಿನ್‌ಬರೋ ಪಟ್ಟಣದ ವೈದ್ಯರ ಮಹಾಸಭೆಯಲ್ಲಿ ಸಾರಿದರು. ಸ್ವಲ್ಪ ಕಾಲದಲ್ಲೇ ಇಟಲಿಯ ಗ್ರಾಸ್ಸಿ ಮೊದಲಾದ ಪಂಡಿತರು, ಮನುಷ್ಯರ ಮಲೇರಿಯವನ್ನು ಹೊರುವದು ಅನಾಫಿಲಿಸ್ ಎಂಬ ಜಾತಿಯ ಸೊಳ್ಳೆಯೇ ಎಂದು ಸ್ಪಷ್ಟವಾಗಿ ತೋರಿಸಿಕೊಟ್ಟರು. ಸಿಕಂದರಾಬಾದಿನ ಚುಕ್ಕೆರೆಕ್ಕೆಯ ಸೊಳ್ಳೆಯು ಅದೇ ಜಾತಿಯದು. ಕಚ್ಚುವದು ಹೆಣ್ಣು ಸೊಳ್ಳೆ ಮಾತ್ರ. ಬೀಜವು ಅದರೊಳಗೆ ಬಲಿಯುವದಕ್ಕೆ ಹತ್ತು ಹದಿನಾಲ್ಕು ದಿನಗಳು ಬೇಕು. ಮನುಷ್ಯನೊಳಗೆ ಮೊದಲು ಪಿತ್ತಜನಕಾಂಗದಲ್ಲಿ ಅಡಗಿ ಹೆಚ್ಚಿ ಆಮೇಲೆ ರಕ್ತಕ್ಕೆ ಬರುವದು. ಕೆಂಪು ರಕ್ತಕಣಗಳು ಒಟ್ಟಿಗೆ ಒಡೆಯುವ ಹೊತ್ತೇ ನಡುಕದ ಹೊತ್ತು. ದಿನ ಬಿಟ್ಟು ದಿನ ಬರುವ ಜ್ವರದ ಗುಟ್ಟು ಇಷ್ಟೇ. ಯಾವ ದೆವ್ವಕ್ಕೂ ಪಂಚಾಂಗ ನೋಡಿ ಬರುವ ಅವಶ್ಯವಿರಲಿಲ್ಲ.

ರಾಸ್‌ರವರು ೧೮೯೯ರಲ್ಲಿ ಭಾರತದ ಕೆಲಸ ಬಿಟ್ಟು ಲಿವರ್‌ಪೂಲಿನ ವೈದ್ಯಶಾಲೆಯಲ್ಲಿ ಉಪಾಧ್ಯಾಯರಾದರು. ೧೯೦೨ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ೧೯೧೧ರಲ್ಲಿ ಸರ್ ಪದವಿಯೂ ದೊರೆತವು. ಆದರೆ ಗೌರವಕ್ಕಿಂತ ಕೆಲಸವೇ ಹೆಚ್ಚಾಗಬೇಕೆಂದು ಅವರು ಪಶ್ಚಿಮ ಆಫ್ರಿಕಕ್ಕೂ, ಸುಯೆಜ್ ಕಾಲುವೆಯ ಇಸ್ಮಾಯಿಲಿಯ ಪಟ್ಟಣಕ್ಕೂ, ಮಾರಿಷಸ್ ದ್ವೀಪಕ್ಕೂ ಹೋಗಿ ನಿಂತ ನೀರನ್ನು ಬತ್ತಿಸುವ ಉಪಾಯಗಳನ್ನು ಕಲಿಸಿದರು. ಇಸ್ಮಾಯಿಲಿಯದಲ್ಲಿ ಕೆಲವೇ ವರುಷಗಳಲ್ಲಿ ಮಲೇರಿಯವು ಬಹುತೇಕ ನಿಂತುಹೋಯಿತು. ಚಿಕ್ಕಂದಿನ ಗಣಿತದ ಹುಚ್ಚು ಈಗ ಉಪಯೋಗಕ್ಕೆ ಬಂತು. ರೋಗವನ್ನು ನಿಲ್ಲಿಸುವದಕ್ಕೆ ಸೊಳ್ಳೆಗಳನ್ನೆಲ್ಲಾ ಕೊಲ್ಲಬೇಕಾದದ್ದಿಲ್ಲ. ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಕ್ಕೆ ಇಳಿಸಿದರೆ ಸಾಕು, ಜಾಡ್ಯವು ತಾನಾಗಿಯೇ ಕುಗ್ಗುವದೆಂದು ಲೆಕ್ಕ ಹಾಕಿ ೧೯೧೦ರ ಗ್ರಂಥದಲ್ಲಿ ತೋರಿಸಿದರು.

ಇನ್ನು ಮೊದಲೇ ಹೇಳಿದ ಕುಂದಿನ ವಿಷಯ. ಕೀರ್ತಿಯ ಪಾಲಿನ ಬಗ್ಗೆ ರಾಸ್‌ರವರು ಬಹಳ ಜಗಳವಾಡಿದರು. ಗ್ರಾಸ್ಸಿಯವರನ್ನು ವರುಷಗಟ್ಟಲೆ ಬರಹದಲ್ಲಿ ಹಳಿದರು. ಅವರ ಕೆಲಸದಲ್ಲಿಯೂ ನಿಜವಾದ ಬೆಲೆಯಿತ್ತೆಂದು ಒಪ್ಪಲಿಲ್ಲ. ಕಡೆಗೆ ತನಗೆ ಕಣ್ಣು ತೆರೆಸಿದ ಮ್ಯಾನ್ಸನರೊಂದಿಗೆ ಸಹ ಮನಸ್ತಾಪ ಬೆಳೆಸಿ ವ್ಯಾಜ್ಯದ ವರೆಗೆ ಹೋದರು. ಸೂಕ್ಷ್ಮದರ್ಶಕದ ಮುಂದೆ ತನ್ನ ತಪ್ಪನ್ನು ಒಪ್ಪಿಕೊಂಡವರು ಸ್ನೇಹಿತನ ಮು೦ದೆ ಒಪ್ಪಿಕೊಳ್ಳಲಾರದೆ ಹೋದದ್ದು ವ್ಯಥೆಯ ಸಂಗತಿ. ೧೯೧೪ರ ಆಗಸ್ಟ್ ತಿಂಗಳಲ್ಲಿ ಅವರ ಮಗನು ಫ್ರಾನ್ಸಿನ ರಣಭೂಮಿಯಲ್ಲಿ ಬಿದ್ದನು. ಆ ದುಃಖವು ಅವರನ್ನು ಬಹಳ ಕುಗ್ಗಿಸಿತು.

ಅವರು ಕಂಡ ದಾರಿಯು ನಮ್ಮ ನಾಡಿಗೆ ತಕ್ಷಣ ಫಲ ಕೊಟ್ಟಿತೆಂದು ಎಣಿಸಬೇಡಿರಿ. ಕಾವೇರಿಯ ಕಾಲುವೆಗಳು ಮಂಡ್ಯದ ಕಡೆಗೆ ಹರಿದ ಮೇಲೆ, ೧೯೩೦ರ ದಶಕದಲ್ಲಿ, ಬಂಗಾರದಂಥ ಬೆಳೆಯ ಜೊತೆಗೆ ಚಳಿಜ್ವರವೂ ಆ ಹಳ್ಳಿಗಳಿಗೆ ಬಂತು. ೧೯೫೩ರಲ್ಲಿ ದೇಶದ ಮಲೇರಿಯ ಕಾರ್ಯಕ್ರಮವು ಆರಂಭವಾದಾಗ ಭಾರತದಲ್ಲಿ ವರುಷಕ್ಕೆ ಏಳೂವರೆ ಕೋಟಿ ಜನರಿಗೆ ಈ ಜ್ವರ ಬಂದು ಎಂಟು ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. ಮನೆಮನೆಗೂ ಔಷಧ ಸಿಂಪಡಿಸಿದ್ದರಿಂದ ಅದು ಹತ್ತು ವರುಷಗಳಲ್ಲಿ ಬಹಳವಾಗಿ ಇಳಿಯಿತು, ಜನರು ಎಚ್ಚರ ತಪ್ಪಿದ್ದರಿಂದ ೧೯೭೬ರಲ್ಲಿ ೬೪ ಲಕ್ಷಕ್ಕೆ ಏರಿತು, ಪುನಃ ಇಳಿದಿದೆ. ಈಗ ಜ್ವರ ಬಂದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಬೆರಳಿನ ಒಂದು ಹನಿ ರಕ್ತದಿಂದ ರೋಗವು ಗೊತ್ತಾಗುವದು, ಮಾತ್ರೆಗಳಿಗೆ ಹಣವಿಲ್ಲ. ಊರಿನ ಆಶಾ ಕಾರ್ಯಕರ್ತೆಯು ತೊಟ್ಟಿಯಲ್ಲಿ ಹುಳುವಿದೆಯೇ ಎಂದು ನೋಡಲು ಬಂದರೆ ಆಕೆಯನ್ನು ಬಾಗಿಲಲ್ಲಿ ನಿಲ್ಲಿಸಿ ಕಳುಹಿಸಬೇಡಿರಿ. ಬೆಂಗಳೂರಿನಲ್ಲಿ ೧೮೮೩ರಲ್ಲಿ ಒಬ್ಬ ದೊಡ್ಡ ವೈದ್ಯರು ಮಾಡಿದ ಕೆಲಸವನ್ನೇ ಆಕೆ ಬಿಸಿಲಲ್ಲಿ ನಡೆದು ಮಾಡುತ್ತಿದ್ದಾಳೆ.

೧೯೨೬ರಲ್ಲಿ ಲಂಡನ್ನಿನ ಪಟ್ನಿ ಎಂಬಲ್ಲಿ ರಾಸ್‌ರವರ ಹೆಸರಿನಲ್ಲಿ ಒಂದು ಆಸ್ಪತ್ರೆಯೂ ವಿದ್ಯಾಶಾಲೆಯೂ ಏರ್ಪಟ್ಟಿತು. ಮರುವರುಷ ಅವರು ಭಾರತಕ್ಕೆ ಬಂದು, ಕಲಕತ್ತೆಯಲ್ಲಿ ತಾನು ಗುಬ್ಬಿಗಳನ್ನು ಸಾಕಿದ ಪ್ರಯೋಗಶಾಲೆಯ ಬಳಿ ಕಟ್ಟಿದ ಸ್ಮಾರಕದ ಬಾಗಿಲನ್ನು ಕಣ್ಣಾರೆ ನೋಡಿ ಹೋದರು. ೧೯೩೧ರಲ್ಲಿ ಪತ್ನಿಯು ತೀರಿಹೋದರು. ೧೯೩೨ನೆಯ ಇಸವಿ ಸೆಪ್ಟೆಂಬರ್ ೧೬ರಂದು, ೭೫ನೆಯ ವಯಸ್ಸಿನಲ್ಲಿ, ಅವರೂ ಕಣ್ಣು ಮುಚ್ಚಿ, ಪಟ್ನಿಯ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿಯೇ ಹೂಣಿಡಲ್ಪಟ್ಟರು. ಹುಸೇನ್ ಖಾನರು ಪರದೆಯೊಳಗೆ ಮಲಗಿದ್ದ ಬೇಗಂಪೇಟೆಯ ಹಳೆಯ ಕಟ್ಟಡವು ಹೈದರಾಬಾದಿನಲ್ಲಿ ರಾಸ್‌ರವರ ಹೆಸರನ್ನು ಹೊತ್ತು ನಿಂತಿದೆ.